ಗಾಳದ ಕೊಂಡಿ ಮಾಡುತ್ತಿದ್ದ ಕಾಕಾ

ಕೇಳಿದ ಕೂಡಲೇ ಕೊಂಡಿ ತೆಗೆದು ಕೊಟ್ಟವರಲ್ಲ ಅವರು. ಬೊರಿವಲಿ ಈಸ್ಟಿನ ಚಾಳೊಂದರ ನೆಲಮಹಡಿಯಲ್ಲಿದ್ದ ಅವರ ಖೋಲಿಗೆ ಮೀನು ಹಿಡಿಯುವ ಹುಚ್ಚಿನವರು ಯಾರಾದರೂ ಬಂದು, "ಕಾಕಾ, ಒಂದು ಗಟ್ಟಿ ಸ್ನ್ಯಾಪ್ ಬೇಕಿತ್ತು" ಅಂದರೆ ಮೊದಲು ಸ್ಟೂಲು ತೋರಿಸುತ್ತಿದ್ದರು. ಆಮೇಲೆ ವಿಚಾರಣೆ ಶುರು.

"ಎಲ್ಲಿ ನಿಂದರತೀರಿ? ಕಲ್ಲಿನ ಮ್ಯಾಲೋ, ಬೋಟಿನ್ಯಾಗೋ? ಏನು ಒಗೀತೀರಿ? ತೇಲೋದೋ, ಮುಳುಗೋದೋ? ತೂಕ ಎಷ್ಟೈತಿ?"

ಬಂದವರು ಒಂದಕ್ಕೆ ಉತ್ತರ ಹೇಳಿ ಇನ್ನೊಂದಕ್ಕೆ ತಡವರಿಸಿದರೆ, "ನೋಡಿಕೊಂಡು ಮುಂದಿನ ವಾರ ಬರ್ರಿ" ಎಂದು ಚಹಾ ಕುಡಿಸಿ ಕಳಿಸುತ್ತಿದ್ದರು.

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಮೀನು ಹಿಡಿಯುವುದರ ಗಂಧಗಾಳಿ ಇಲ್ಲದವರಿಗೆ ಕೊಂಡಿ ಎಂದರೇನು ಎಂದು ಮೊದಲು ಹೇಳಬೇಕು. ಲ್ಯೂರ್ ಎನ್ನುವ ಹುಸಿಮೀನೊಂದಿರುತ್ತದೆ. ಕೆಲವು ಮರದವು, ಕೆಲವು ಪ್ಲಾಸ್ಟಿಕ್ಕಿನವು, ಕೆಲವು ಬರಿಯ ಉಕ್ಕಿನ ಚಮಚದಂಥವು. ಎರೆಹುಳು ಚುಚ್ಚುವ ಬದಲು ಇದನ್ನು ದೂರ ಎಸೆದು, ನೀರಿನೊಳಗೆ ಜೀವವಿದ್ದಂತೆ ಆಡಿಸುತ್ತ ಎಳೆದುಕೊಳ್ಳಬೇಕು. ಮೀನು ಮೋಸಹೋಗಿ ಕಚ್ಚಿ, ಅದಕ್ಕೆ ತೂಗುವ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ದಾರಕ್ಕೂ ಈ ಹುಸಿಮೀನಿಗೂ ನಡುವೆ ಇರುವ, ಪಿನ್ನಿನ ಹಾಗೆ ತೆರೆದು ಮುಚ್ಚುವ ತಂತಿಯ ತುಣುಕೇ ಸ್ನ್ಯಾಪು. ಕಾಕಾ ಅದನ್ನು ಕೊಂಡಿ ಅನ್ನುತ್ತಿದ್ದರು. ಉಗುರಿನಷ್ಟು ದೊಡ್ಡದಿದ್ದರೆ ಹೆಚ್ಚು. ಅಂಗಡಿಯಲ್ಲಿ ಪಾಕೀಟುಗಟ್ಟಲೆ ಸಿಗುತ್ತದೆ. ಇವರು ಕೈಯಲ್ಲೇ ಮಾಡುತ್ತಿದ್ದರು.

ಅವರ ನಿಜವಾದ ಕಸುಬು ಕಟ್ಟುಹಲ್ಲಿನ ಸೆಟ್ ಮಾಡುವುದು. ಗದಗಿನ ಕಡೆಯವರು. ಹದಿನೆಂಟರ ವಯಸ್ಸಿಗೆ ದಾದರಿನ ಒಂದು ಡೆಂಟಲ್ ಲ್ಯಾಬಿನಲ್ಲಿ ಪ್ಲಾಸ್ಟರ್ ಕಲಸಲು ಸೇರಿ, ಕೆಲಸ ಕಲಿತು, ಕಡೆಗೆ ಬೊರಿವಲಿಯಲ್ಲಿ ತಮ್ಮದೇ ಖೋಲಿ ಮಾಡಿಕೊಂಡಿದ್ದರು. ನಾನು ಬೊರಿವಲಿ ವೆಸ್ಟಿನ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದೆ. ಪ್ರತಿ ಸಂಜೆ ಅವರು ಹಲ್ಲಿನ ಡಬ್ಬಿಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಂದು, ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು ಹೋಗುತ್ತಿದ್ದರು.

ಒಂದು ದಿನ ಒಂದು ಡಬ್ಬಿಯಲ್ಲಿ ಮೂರು ಹಲ್ಲಿನ ಸೆಟ್ಟಿನ ಜೊತೆ ಒಂದು ಚಿಕ್ಕ ತಂತಿಯ ತುಣುಕು ಇತ್ತು. ನಮ್ಮ ಡಾಕ್ಟರು, ಗುಜರಾತಿ ಹೆಂಗಸು, ಅದನ್ನು ಚಿಮಟದಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಪೇಶೆಂಟ್ ಬಾಯಿ ತೆರೆದು ಕೂತಿದ್ದ. ಯಾವ ಹಲ್ಲಿಗೆ ಸಿಕ್ಕಿಸುವುದೆಂದು ತಿಳಿಯದೆ ನನ್ನಿಂದ ಫೋನು ಮಾಡಿಸಿದರು. ಕಾಕಾ ಇಪ್ಪತ್ತು ನಿಮಿಷದಲ್ಲಿ ಬೆವರುತ್ತ ಬಂದು, ಆ ತುಣುಕನ್ನು ಕಿಸೆಗೆ ಹಾಕಿಕೊಂಡು, "ಸಾರಿ ಮೇಡಂ, ಏ ಮಛಲೀ ಕಾ ಹೈ" ಎಂದರು. ಡಾಕ್ಟರು ನಕ್ಕಿದ್ದಕ್ಕೆ ಪೇಶೆಂಟ್ ಗಾಬರಿಯಾಗಿ ಎದ್ದು ಕೂತ.

ಹೊರಗೆ ಬಂದಾಗ ನಾನು ಕೇಳಿದೆ. "ಮೀನು ಹಿಡಿಯೂದಾ ಇದರಲ್ಲಿ? ನೀವು ಮೀನು ತಿನ್ನೂದುಂಟಾ ಕಾಕಾ?"

"ಛೆ. ನಾವು ತತ್ತೀನೂ ಮುಟ್ಟಂಗಿಲ್ಲ ತಂಗಿ."

"ಮತ್ತೆ ಹಿಡಿಯೂದು ಎಂತಕ್ಕೆ?"

ಅವರು ಚೀಲದ ಬಾಯಿ ಮಡಚಿದರು. "ನೋಡಾಕ. ನೀರಿನ ಒಳಗ ಯಾರ್ ಅದಾರ ಅಂತ ನೋಡಾಕ. ನೋಡಿ ಬಿಟ್ಟು ಬಿಡತೀನಿ."

ನಾವು ಮಲ್ಪೆಯ ಕಡೆಯವರು. ನಮ್ಮ ಅಜ್ಜ ಬಲೆ ಬೀಸಿಯೇ ಸಂಸಾರ ಸಾಕಿದವರು. ಅಪ್ಪ ಮುಂಬಯಿಗೆ ಬಂದು ಹೋಟೆಲು ಸೇರಿದ ಮೇಲೆ ನಮಗೆ ಮೀನೆಂದರೆ ಮಾರ್ಕೆಟ್ಟಿನ ಮಂಜುಗಡ್ಡೆಯ ಮೇಲೆ ಮಲಗಿರುವಂಥದ್ದು. ಜೀವಂತ ಮೀನನ್ನು ಕೈಯಲ್ಲಿ ಹಿಡಿಯದ ನನಗೆ, ಮೀನು ತಿನ್ನದ ಈ ಗದಗಿನವರು ಗಾಳ ಹಾಕುವುದನ್ನು ಕಲಿಸಿದರು. ಅವರೇ ಕರೆದದ್ದಲ್ಲ. ನಾನೇ ಬೆನ್ನು ಹತ್ತಿದೆ.

ಮೊದಲ ಪಾಠ ನೀರಿನ ಹತ್ತಿರ ಆಗಲಿಲ್ಲ, ಅವರ ಖೋಲಿಯಲ್ಲಿ ಆಯಿತು. ಆ ದಿನ ಪವಾಯಿಯ ಯಾವುದೋ ಕಂಪನಿಯ ಸಾಹೇಬರೊಬ್ಬರು ಬಂದಿದ್ದರು. ದುಬಾರಿ ಗಾಳದ ರಾಡು, ಜಪಾನಿನ ಹುಸಿಮೀನು. ಮೂರು ತಿಂಗಳಿಂದ ಒಂದು ಮೀನೂ ಮುಟ್ಟಿಲ್ಲ ಎಂದು ದೂರು. ಕಾಕಾ ಅವರ ದಾರದ ತುದಿ ನೋಡಿದರು. ಅಲ್ಲಿ ತಿರುಗಣಿ ಇದ್ದ ದೊಡ್ಡ ಹಿತ್ತಾಳೆಯ ಕೊಂಡಿ ಇತ್ತು. ಎದ್ದು, ಹಲ್ಲಿನ ಅಚ್ಚು ನೆನೆಹಾಕುವ ಉದ್ದನೆಯ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿಸಿ, ಆ ಹುಸಿಮೀನನ್ನು ಈ ತುದಿಯಿಂದ ಆ ತುದಿಗೆ ಎಳೆದರು. ಅದು ಮೂತಿ ಕೆಳಗೆ ಮಾಡಿಕೊಂಡು ಕಟ್ಟಿಗೆಯ ಚೂರಿನಂತೆ ಬಂತು. ಆಮೇಲೆ ಆ ಕೊಂಡಿ ಕಳಚಿ, ತಾವು ಮಾಡಿದ ಸಣ್ಣದೊಂದನ್ನು ಹಾಕಿ ಎಳೆದರು. ಅದೇ ಹುಸಿಮೀನು ಮೈ ಕುಣಿಸುತ್ತ, ಬಾಲ ಅಲ್ಲಾಡಿಸುತ್ತ ಬಂತು. ಖೋಲಿಯಲ್ಲಿದ್ದ ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು.

"ಇಷ್ಟೇನಾ?" ಎಂದು ಸಾಹೇಬರು ಹಿಂದಿಯಲ್ಲಿ ಕೇಳಿದರು.

ಕಾಕಾ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಇವರು ಹೆದರಿ ದೊಡ್ಡದು ಹಾಕ್ಯಾರ. ಎಂದಾರ ದೊಡ್ಡ ಮೀನ ಬಂದರ ಹರದು ಹೋದೀತು ಅಂತ. ಅದರ ಭಾರಕ್ಕ ಸಣ್ಣ ಮೀನೂ ಬರಾವಲ್ದು."

ಹಾಗೆ ಒಂದೊಂದೇ ತಿಳಿಯುತ್ತ ಹೋಯಿತು. ಮೈ ಕುಣಿಸುವ ಹುಸಿಮೀನಿಗೆ ಮುಂದೆ ದುಂಡಗೆ ಬಾಗಿದ, ತೂಕವಿಲ್ಲದ ಕೊಂಡಿ ಬೇಕು. ಮೊನೆಯಾಗಿ ಬಾಗಿದ್ದರೆ ಅದರ ಕುತ್ತಿಗೆ ಹಿಡಿದಂತಾಗುತ್ತದೆ. ನೀರಿನ ಮೇಲೆ ತೇಲುತ್ತ ಗುಳುಗುಳು ಸದ್ದು ಮಾಡುವಂಥದ್ದಕ್ಕೆ ಇನ್ನೂ ಹಗುರ. ಗಿರ್ರನೆ ತಿರುಗುವ ಚಮಚಕ್ಕೆ ಮಾತ್ರ ತಿರುಗಣಿ ಇರಲಿ, ಇಲ್ಲದಿದ್ದರೆ ದಾರವೆಲ್ಲ ಹುರಿಗಟ್ಟುತ್ತದೆ. ಕಲ್ಲಿನ ಮೇಲೆ ನಿಂತು ಭಾರದ ಚಮಚವನ್ನು ದೂರ ಎಸೆಯುವವರಿಗೆ ತುದಿ ಮಡಚಿ ಅಡ್ಡ ಸಿಕ್ಕಿಸುವ ಗಟ್ಟಿ ಕೊಂಡಿ. ನಾವು ಪಾಂಬೋಲ್ ಅನ್ನುವ, ಬೆಳ್ಳಿಯ ಪಟ್ಟಿಯಂಥ ಮೀನಿಗೆ ಹೋಗುವವರಿಗೆ ಕಪ್ಪು ಮಾಡಿದ್ದೇ ಆಗಬೇಕು. ಹೊಳೆದರೆ ಅದು ಹುಸಿಮೀನನ್ನು ಬಿಟ್ಟು ಕೊಂಡಿಗೇ ಬಾಯಿ ಹಾಕಿ ದಾರ ಕತ್ತರಿಸುತ್ತದೆ. ಒಬ್ಬರು ರಬ್ಬರಿನ ಹುಳಕ್ಕೆ ಕೊಂಡಿ ಕೇಳಿಕೊಂಡು ಬಂದಾಗ ಕಾಕಾ ಕೊಡಲೇ ಇಲ್ಲ. "ಇದಕ್ಕ ಏನೂ ಬ್ಯಾಡ್ರಿ. ನೆಟ್ಟಗ ಗಂಟ ಹಾಕ್ರಿ" ಎಂದು ಗಂಟು ಕಲಿಸಿ ಕಳಿಸಿದರು.

ಹಲ್ಲಿನ ಕೆಲಸದಲ್ಲೂ ಅವರಿಗೆ ಇದೇ ಅಭ್ಯಾಸ. ಕಟ್ಟುಹಲ್ಲು ಅಲ್ಲಾಡದಂತೆ ಪಕ್ಕದ ಹಲ್ಲನ್ನು ಹಿಡಿದುಕೊಳ್ಳುವ ತಂತಿಯ ಕೊಕ್ಕೆ ಇರುತ್ತದಲ್ಲ, ಅದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ ಎಂದು ನಮ್ಮ ಡಾಕ್ಟರು ಹೇಳುತ್ತಿದ್ದರು. ಆ ತಂತಿಯಲ್ಲೇ, ಆ ಇಕ್ಕಳದಲ್ಲೇ ಗಾಳದ ಕೊಂಡಿಯೂ ಆಗುತ್ತಿತ್ತು. ಒಂದು ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಒಮ್ಮೆ ಬಾಗಿಸಿದ ತಂತಿಯನ್ನು ಮತ್ತೆ ನೆಟ್ಟಗೆ ಮಾಡಿ ಬಾಗಿಸಬಾರದು. "ಹೊರಗ ಕಾಣಂಗಿಲ್ಲ. ಆದರ ಒಳಗ ಅದರ ಜೀವ ಹೋಗಿರತೈತಿ" ಎನ್ನುತ್ತಿದ್ದರು. ತಪ್ಪಿದರೆ ಕಸಕ್ಕೆ.

ಭಾನುವಾರ ಬೆಳಿಗ್ಗೆ ನಾವು ಮೂವರು ಫೆರಿ ಬೋಟಿನಲ್ಲಿ ಗೊರಾಯಿಗೆ ಹೋಗುತ್ತಿದ್ದೆವು. ಮೂರನೆಯವನು ಸದಾನಂದ. ಕುಂದಾಪುರದವನು, ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರು. ಹನ್ನೊಂದು ಗಂಟೆಗೆ ಮತ್ತೆ ಕೌಂಟರಿನಲ್ಲಿ ಕೂರಬೇಕಾಗಿದ್ದರಿಂದ ಅರ್ಧ ಕಣ್ಣು ಗಡಿಯಾರದ ಮೇಲೇ. ಕಾಕಾನ ಚೀಲದಲ್ಲಿ ಕಾಕು ಕಟ್ಟಿಕೊಟ್ಟ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಕಾಕು ಅಂದರೆ ಅವರ ಹೆಂಡತಿ. ಅವರಿಗೆ ಈ ಹುಚ್ಚಿನ ತಲೆಬುಡ ಅರ್ಥವಾಗುತ್ತಿರಲಿಲ್ಲ.

"ಹಿಡದು ತಂದರ ಬ್ಯಾರೇ ಮಾತು. ತರೋದೂ ಇಲ್ಲ, ತಿನ್ನೋದೂ ಇಲ್ಲ. ಬಿಸಲಾಗ ನಿಂತು ಕರ್‍ರಗಾಗಿ ಬರತಾರ" ಎಂದು ನನ್ನ ಹತ್ತಿರ ಹೇಳುತ್ತಿದ್ದರು.

ನನಗೆ ಮೊದಲ ಮೀನು ಸಿಕ್ಕಿದ್ದು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಹತ್ತಿರ. ಒಂದು ತಾಂಬ, ಅಂಗೈಗಿಂತ ತುಸು ದೊಡ್ಡದು, ಕೆಂಪಗೆ. ಅದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಮನೆಯಲ್ಲಿ ಅಮ್ಮ ಇದ್ದಳು, ಕಾಯಿ ಅರೆದರೆ ಸಾಕಿತ್ತು. ಕಾಕಾನ ಮುಖ ನೋಡಿದೆ. ಅವರು ಸಿಟ್ಟಾಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ನಿನ್ನ ಮೀನ ತಂಗಿ, ನಿನ್ನ ಮನಿ" ಎಂದು ತಮ್ಮ ರೊಟ್ಟಿಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು, ಬಟ್ಟೆಯ ಚೀಲವನ್ನು ನನಗೆ ಕೊಟ್ಟರು. ಮರುದಿನ ಬೆಳಿಗ್ಗೆ ನಾನು ತೊಳೆದು ಒಣಗಿಸಿ ಖೋಲಿಗೆ ಮುಟ್ಟಿಸಿದ ಅದೇ ಚೀಲ ಸಂಜೆ ಹಲ್ಲಿನ ಡಬ್ಬಿ ಹೊತ್ತು ಕ್ಲಿನಿಕ್ಕಿಗೆ ಬಂತು. ಡಾಕ್ಟರು ಮೂಗು ಮುಚ್ಚಿಕೊಂಡು ಕಿಟಕಿ ತೆಗೆಸಿದರು.

ಹೀಗೆ ಏಳೆಂಟು ವರ್ಷ ಹೋಯಿತು. ಆಮೇಲೆ ಆ ಭಾನುವಾರ ಬಂತು.

ಮಳೆಗಾಲ ಮುಗಿದು ಸಮುದ್ರ ತಿಳಿಯಾಗುತ್ತಿತ್ತು. ನಾವು ಕಲ್ಲಿನ ಮೇಲೆ ನಿಂತಿದ್ದೆವು. ಸದಾನಂದ ನನ್ನ ಬಲಗಡೆ, ಒಂದು ಹೆಜ್ಜೆ ಹಿಂದೆ, ತನ್ನ ದಾರ ಬಿಡಿಸುತ್ತಿದ್ದ. ನಾನು ಕಾಕಾ ಹೊಸದಾಗಿ ಮಾಡಿಕೊಟ್ಟ ಕೊಂಡಿಗೆ ಭಾರದ ಚಮಚ ಸಿಕ್ಕಿಸಿ, ರಾಡನ್ನು ಹಿಂದಕ್ಕೆ ತೂಗಿ ಬೀಸಿದೆ. ಬೀಸುವಾಗಲೇ ತುದಿ ಹಗುರಾದದ್ದು ಕೈಗೆ ಗೊತ್ತಾಯಿತು. ಹಿಂದಿನಿಂದ "ಅಮ್ಮಾ" ಎಂದದ್ದು ಕೇಳಿಸಿತು.

ಚಮಚ ಕಳಚಿ ಹಾರಿ ಅವನ ಕೆನ್ನೆಗೆ ಬಡಿದಿತ್ತು. ಅದರ ಮೂರು ಮೊನೆಯ ಕೊಕ್ಕೆ ಎಡಗಣ್ಣಿನ ಒಂದು ಬೆರಳು ಕೆಳಗೆ ಹರಿದಿತ್ತು. ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಕಾಕಾ ತಮ್ಮ ಹೆಗಲ ಮೇಲಿನ ಟವೆಲ್ ಒತ್ತಿ ಹಿಡಿದರು. ಫೆರಿ, ರಿಕ್ಷಾ, ಒಬ್ಬ ಡಾಕ್ಟರು, ನಾಲ್ಕು ಹೊಲಿಗೆ. ಕಣ್ಣಿಗೆ ಏನೂ ಆಗಿರಲಿಲ್ಲ.

"ಎಂತ ಆಗ್ಲಿಲ್ಲ ಅಕ್ಕ, ನೀವು ಅಳ್ಬೇಡಿ. ಕೌಂಟರಲ್ಲಿ ಕೂತವ್ನ ಮುಖ ಯಾರು ಕಾಣ್ತ್ರ್?" ಎಂದು ಸದಾನಂದ ನನ್ನನ್ನೇ ಸಮಾಧಾನ ಮಾಡಿದ.

ನಾನೇ ಕೊಂಡಿ ಸರಿಯಾಗಿ ಮುಚ್ಚಿರಲಿಲ್ಲ ಎಂದುಕೊಂಡೆ. ಸದಾನಂದನೂ ಹಾಗೇ ಎಣಿಸಿರಬೇಕು. ನನ್ನ ದಾರದ ತುದಿಯಲ್ಲಿ ಬಾಯಿ ತೆರೆದುಕೊಂಡು ಉಳಿದಿದ್ದ ಕೊಂಡಿಯನ್ನು ಕಾಕಾ ಕತ್ತರಿಸಿ ತೆಗೆದು ಕಿಸೆಗೆ ಹಾಕಿಕೊಂಡರು. ನಾಲ್ಕು ದಿನ ಅವರು ಕ್ಲಿನಿಕ್ಕಿಗೆ ಬರಲಿಲ್ಲ. ನನ್ನ ಮೇಲೆ ಬೇಸರವಾಗಿದೆ ಎಂದು ನನಗೆ ಊಟ ಸೇರಲಿಲ್ಲ. ಇನ್ನು ಆ ರಾಡು ಮುಟ್ಟುವುದಿಲ್ಲ ಎಂದು ಅಟ್ಟಕ್ಕೆ ಹಾಕಿದ್ದೆ.

ಐದನೆಯ ದಿನ ಬಂದರು. ಹಲ್ಲಿನ ಡಬ್ಬಿಗಳು ಇರಲಿಲ್ಲ. ನನ್ನ ಮೇಜಿನ ಮೇಲೆ ಕರವಸ್ತ್ರ ಬಿಚ್ಚಿದರು. ಒಳಗೆ ಹನ್ನೆರಡು ಕೊಂಡಿಗಳಿದ್ದವು.

"ಇವೆಲ್ಲ ಅದರ ಜೋಡೀನ ಮಾಡಿದ್ದು. ಒಂದೊಂದಕ್ಕೂ ನೀರಿನ ಬಕೀಟು ಕಟ್ಟಿ ಜಗ್ಗಿ ನೋಡೀನಿ. ಮೂರು ಬಾಯಿ ಬಿಟ್ಟಾವ" ಎಂದರು. "ನೀ ಮುಚ್ಚಿದ್ದಿ ತಂಗಿ. ಬರೋಬ್ಬರಿ ಮುಚ್ಚಿದ್ದಿ. ತಪ್ಪು ನಂದೈತಿ."

"ನಿಮ್ಮದು ಹೇಗೆ ತಪ್ಪಾಗ್ತದೆ ಕಾಕಾ?"

ಅವರು ಬಲಗೈಯನ್ನು ಮೇಜಿನ ಮೇಲೆ ಚಾಚಿ ಇಟ್ಟರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಎಡಗೈಯಿಂದ ಅದುಮಿ ಹಿಡಿದರೂ ನಿಲ್ಲಲಿಲ್ಲ.

"ಆರು ತಿಂಗಳಾತು. ಒಂದ ಸಲಕ್ಕ ತಂತಿ ಬಾಗವಲ್ದು. ತಪ್ಪತೈತಿ. ತಪ್ಪಿದ್ದನ್ನ ತಿದ್ದಿ, ಮತ್ತ ಬಾಗಿಸಿ ಕೊಟ್ಟೀನಿ. ಯಾರಿಗೂ ಹೇಳಲಿಲ್ಲ."

ಅವರು ನೇರ ಡಾಕ್ಟರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ಇನ್ನು ನನಗೆ ತಂತಿಯ ಕೆಲಸ ಕೊಡಬೇಡಿ ಎಂದು ಹಿಂದಿಯಲ್ಲಿ ಹೇಳಿದರು. ಡಾಕ್ಟರು, ಯಾವ ಪೇಶೆಂಟೂ ಕಂಪ್ಲೇಂಟ್ ಮಾಡಿಲ್ಲವಲ್ಲ ಎಂದರು. "ಅವರು ಮಾಡುವ ತನಕ ನಾನು ಕಾಯಬಾರದು ಮೇಡಂ" ಎಂದರು ಕಾಕಾ. ಆರು ತಿಂಗಳಲ್ಲಿ ಮಾಡಿದ ಸೆಟ್ಟುಗಳ ಹೆಸರಿನ ಪಟ್ಟಿಯನ್ನು ಕೊಟ್ಟು, ಇವರನ್ನೆಲ್ಲ ಕರೆಸಿ ಕೊಕ್ಕೆ ನೋಡಿ ಎಂದು ಕೇಳಿಕೊಂಡರು. ಆ ಪಟ್ಟಿಯ ಅಕ್ಷರಗಳು ಅಡ್ಡಾದಿಡ್ಡಿಯಾಗಿದ್ದವು. ನಲವತ್ತು ವರ್ಷ ಅವರ ಕೈ ಹಿಡಿದಿದ್ದ ಕಸುಬು ಆ ಕೋಣೆಯಲ್ಲಿ ಐದು ನಿಮಿಷದಲ್ಲಿ ಮುಗಿಯಿತು.

ಗಾಳದ ಕೊಂಡಿಗಳಿಗೆ ಪಟ್ಟಿ ಇರಲಿಲ್ಲ. ಯಾರ ರಾಡು ಎಂಥದ್ದು, ಯಾರು ಎಲ್ಲಿ ನಿಲ್ಲುತ್ತಾರೆ ಎನ್ನುವುದು ಅವರಿಗೆ ನೆನಪಿತ್ತು. ಅಷ್ಟೇ ಆಧಾರ. ಒಂದೊಂದನ್ನೂ ವಾಪಸು ತರುತ್ತೇನೆಂದು ಹಠ ಹಿಡಿದರು. ಒಬ್ಬರನ್ನೇ ಲೋಕಲ್ ಹತ್ತಿಸಲು ಕಾಕು ಒಪ್ಪಲಿಲ್ಲ. ಕಾಕುಗೆ ಕೈಯ ವಿಷಯ ಆಗಲೇ ಗೊತ್ತಿತ್ತು. "ನಾಲ್ಕು ತಿಂಗಳಿಂದ ಅಂಗೀ ಗುಂಡಿ ನಾನ ಹಾಕಾಕತ್ತೀನಿ. ಅವರೂ ಏನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ" ಎಂದರು ನನಗೆ.

ಹಾಗಾಗಿ ನಾನು ಜೊತೆಗೆ ಹೋದೆ. ಭಾನುವಾರ ಭಾನುವಾರ ವಸಯಿ, ಮಢ್, ಪವಾಯಿ. ಹೆಚ್ಚಿನವರು ನಕ್ಕು ಕೊಟ್ಟರು. ಪವಾಯಿಯ ಸಾಹೇಬರು ಫೋನು ಮಾಡಿದ್ದರೆ ನಾನೇ ಬಿಸಾಡುತ್ತಿದ್ದೆನಲ್ಲ ಎಂದರು. ಕಾಕಾ ಒಪ್ಪಲಿಲ್ಲ, ಕಣ್ಣಾರೆ ನೋಡಿ ಕೈಯಲ್ಲಿ ತೆಗೆದುಕೊಂಡರು. ಪ್ರತಿಯೊಬ್ಬರಿಗೂ ತಮ್ಮ ಕೈ ಚಾಚಿ ತೋರಿಸಿದರು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು. ಒಮ್ಮೆ ಹೇಳಿಯೂಬಿಟ್ಟೆ. "ಕೈ ಯಾಕೆ ತೋರಿಸೂದು ಕಾಕಾ? ಸರಿ ಇಲ್ಲ ಅಂದ್ರೆ ಸಾಕಲ್ಲ."

"ಯಾಕ ಸರಿ ಇಲ್ಲ ಅಂತ ಗೊತ್ತಾಗಬೇಕಲ್ಲ ಅವರಿಗೆ" ಎಂದರು.

ವರ್ಸೋವಾದಲ್ಲಿ ಒಬ್ಬ ಮುದುಕ ಮಾತ್ರ ಕೊಡಲೊಪ್ಪಲಿಲ್ಲ. ದೋಣಿಯ ಕೆಲಸ ಬಿಟ್ಟು ಈಗ ಗಾಳ ಮಾತ್ರ ಹಾಕುವ, ಕೋಳಿ ಎಂಬ ಮೀನುಗಾರ ಜನಾಂಗದವನು. ಅವನ ಹತ್ತಿರ ಕಾಕಾ ಕೊಟ್ಟ ಕೊಂಡಿಗಳು ಐದಿದ್ದವು. ನಾಲ್ಕನ್ನು ಕೊಟ್ಟು, ಒಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಅದರಲ್ಲಿ ಅವನು ಹನ್ನೊಂದು ಕಿಲೋದ ಜಿತಾಡ ಮೀನು ಎಳೆದಿದ್ದನಂತೆ. "ನಾಹೀ ದೇಣಾರ್" ಎಂದು ಮಗುವಿನ ಹಾಗೆ ತಲೆ ಆಡಿಸಿದ. ನೋಡಲಿಕ್ಕಾದರೂ ಕೊಡು ಎಂದು ಕಾಕಾ ಬೇಡಿದ ಮೇಲೆ ಮುಷ್ಟಿ ಬಿಚ್ಚಿದ.

ಕಾಕಾ ಅದನ್ನು ಬಾಗಿಲ ಬೆಳಕಿಗೆ ಒಯ್ದರು. ಕೈ ನಡುಗುತ್ತಿದ್ದುದರಿಂದ ನಾನು ಹಿಡಿದುಕೊಂಡೆ. ಅವರು ಹಲ್ಲಿನ ಕೆಲಸದ ಭೂತಗನ್ನಡಿ ಹಾಕಿ ನೋಡಿದರು. ತುದಿಯ ಮಡಚಿನ ಮೇಲೆ ಉಗುರು ಎಳೆದರು. ತೆರೆದು ಮುಚ್ಚಿ ನೋಡಿದರು.

"ಇದು ನನ್ನ ಹಳೇ ಕೈ" ಎಂದರು ನನಗೆ ಮೆಲ್ಲಗೆ. ಆಮೇಲೆ ಮುದುಕನ ಕಡೆ ತಿರುಗಿ ಮರಾಠಿಯಲ್ಲಿ, ಇಟ್ಟುಕೊ, ಇದಕ್ಕೆ ಏನೂ ಆಗುವುದಿಲ್ಲ ಎಂದರು.

ವಾಪಸು ಬರುವಾಗ ಗಾಡಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಾಂದಿವಲಿ ದಾಟಿದ ಮೇಲೆ ಕಾಕಾ ಹೊರಗೆ ನೋಡುತ್ತಲೇ ಹೇಳಿದರು. "ಚಲೋ ಮಾಡತಿದ್ದೆ ಅಲ್ಲ ತಂಗಿ, ಆವಾಗ."

"ಹೌದು ಕಾಕಾ" ಎಂದೆ.

ತಂದದ್ದೆಲ್ಲ ನಲವತ್ತಾರು ಆಯಿತು. ಖೋಲಿಯಲ್ಲಿ ಕೂತು ಒಂದೊಂದನ್ನೇ ಕತ್ತರಿಸಲು ಹೊರಟರು. ಕಟ್ಟರಿನ ಬಾಯಿಗೆ ತಂತಿ ಸಿಗಲಿಲ್ಲ. ಕಾಕು ಪಕ್ಕದಲ್ಲಿ ಕೂತು, ಅವರ ಕೈಯಿಂದ ಕಟ್ಟರನ್ನು ತೆಗೆದುಕೊಂಡು, ಹುಣಸೆಹಣ್ಣು ಬಿಡಿಸುವಷ್ಟೇ ಸಹಜವಾಗಿ ಕತ್ತರಿಸಿ ಕತ್ತರಿಸಿ ಡಬ್ಬಿಗೆ ಹಾಕಿದರು. ಇನ್ನೂ ಮೂರು ಎಲ್ಲಿ ಹೋದವೆಂದು ಪತ್ತೆಯಾಗಲಿಲ್ಲ. ಆ ಮೂರರ ಮಾತು ಅವರು ಆಗಾಗ ಎತ್ತುತ್ತಿದ್ದರು.

ಸದಾನಂದನ ಹೋಟೆಲಿಗೂ ಹೋಗಿ ಕ್ಷಮೆ ಕೇಳಿದರು. ಅವನು ಕೌಂಟರಿನಿಂದ ಎದ್ದು ಬಂದು, ಅವರನ್ನು ಫ್ಯಾಮಿಲಿ ರೂಮಿನಲ್ಲಿ ಕೂರಿಸಿ, ಎದುರಿಗೆ ಮಸಾಲೆದೋಸೆ ಇಟ್ಟು, "ಇದನ್ನ ಪೂರ ತಿಂದ್ರೆ ಮಾತ್ರ ಮಾಫಿ" ಎಂದನಂತೆ.

ಅದಾದ ಮೇಲೂ ಅವರು ಮೂರು ವರ್ಷ ನಮ್ಮ ಜೊತೆ ಗೊರಾಯಿಗೆ ಬಂದರು. ನರದ ಡಾಕ್ಟರ ಗುಳಿಗೆ ಕೆಲವು ದಿನ ಹಿಡಿಯುತ್ತಿತ್ತು, ಕೆಲವು ದಿನ ಇಲ್ಲ. ಅಂಗಡಿಯ ಕೊಂಡಿಯ ಪಾಕೀಟು ತರಿಸಿ, ಹತ್ತರಲ್ಲಿ ಎರಡನ್ನು ಕಣ್ಣಿನಲ್ಲೇ ಆರಿಸಿ ಬದಿಗೆ ತಳ್ಳಿ, ಉಳಿದದ್ದನ್ನು ಬಂದವರಿಗೆ ಕೊಡುತ್ತಿದ್ದರು. ಪ್ರಶ್ನೆಗಳು ಮಾತ್ರ ಅವೇ. ಹುಸಿಮೀನು ಬದಲಿಸಬೇಕಾದಾಗ ರಾಡಿನ ತುದಿಯನ್ನು ನನ್ನ ಕಡೆ ಚಾಚುತ್ತಿದ್ದರು, ನಾನು ಹಾಕಿಕೊಡುತ್ತಿದ್ದೆ. ವಿಚಿತ್ರವೆಂದರೆ ಬೀಸುವಾಗ ಅವರ ಕೈ ನಡುಗುತ್ತಿರಲಿಲ್ಲ. ರಾಡು ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ಆ ಒಂದು ಕ್ಷಣ ಅವರು ಹಿಂದಿನ ಕಾಕಾ ಆಗಿರುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಜ್ವರ ಬಂದು, ಎದೆಗೆ ಇಳಿದು, ಹತ್ತು ದಿನದಲ್ಲಿ ಹೋಗಿಬಿಟ್ಟರು.

ದೀಪಾವಳಿ ಕಳೆದ ಮೇಲೆ ಒಂದು ದಿನ ಕಾಕು ಫೋನು ಮಾಡಿದರು. "ಅವರು ನಿಂದರತಿದ್ದ ಜಾಗ ನನಗ ತೋರಸ್ತೀ ಏನವ್ವಾ?"

ಫೆರಿಯಲ್ಲಿ ಅವರು ಸೆರಗು ಬಿಗಿ ಹಿಡಿದು ಕೂತಿದ್ದರು. ಮೂವತ್ತೈದು ವರ್ಷ ಬೊರಿವಲಿಯಲ್ಲಿದ್ದರೂ ಖಾಡಿಯ ನೀರು ದಾಟಿದ್ದು ಅದೇ ಮೊದಲು. ಕಲ್ಲಿನ ಮೇಲೆ ನನ್ನ ಕೈ ಹಿಡಿದು ಹತ್ತಿದರು. ಕಾಕಾ ನಿಲ್ಲುತ್ತಿದ್ದ ಚಪ್ಪಟೆ ಕಲ್ಲನ್ನು ತೋರಿಸಿದೆ. ಕಾಕು ಚಪ್ಪಲಿ ಕಳಚಿಟ್ಟು ಅದರ ಮೇಲೆ ನಿಂತರು. ಬಹಳ ಹೊತ್ತು ನೀರು ನೋಡಿದರು.

"ಇಲ್ಲಿಂದ ಎಷ್ಟು ದೂರ ಒಗೀತಿದ್ರು?"

ನಾನು ರಾಡು ತಂದಿದ್ದೆ. ಚಮಚ ಸಿಕ್ಕಿಸಿ, ಕೊಂಡಿಯನ್ನು ಎರಡು ಸಲ ಎಳೆದು ನೋಡಿ, ಹಿಂದೆ ಯಾರೂ ಇಲ್ಲವೆಂದು ತಿರುಗಿ ನೋಡಿ, ಶಕ್ತಿಯಿದ್ದಷ್ಟು ಬೀಸಿದೆ. ಅದು ದೂರ ಹೋಗಿ ಸಣ್ಣಗೆ ನೀರು ಚಿಮ್ಮಿಸಿ ಮುಳುಗಿತು.

"ಅಷ್ಟು ದೂರ?"

"ಅಲ್ಲ ಕಾಕು. ನನ್ನ ಕೈಲಿ ಅಷ್ಟೇ ಆಗೂದು. ಅವರದ್ದು ಆಚೆ ಆ ಕಂಬ ಕಾಣ್ತದಲ್ಲ, ಅಲ್ಲಿ ತನಕ ಹೋಗ್ತಿತ್ತು."

ಕಾಕು ಕನ್ನಡಕ ಸರಿಮಾಡಿಕೊಂಡು ಕಂಬವನ್ನು ನೋಡಿದರು. ಮೀನುಗಾರರು ಬಲೆ ಕಟ್ಟಲು ನೆಟ್ಟ ಕಂಬ. ಅದರ ತುದಿಯಲ್ಲಿ ಒಂದು ಹಕ್ಕಿ ಕೂತಿತ್ತು.

"ಅಲ್ಲೀತನಕ" ಎಂದರು. "ಮನ್ಯಾಗ ಒಂದು ದಿನಾನೂ ಹೇಳಲಿಲ್ಲ ನೋಡು."

ನಾನು ದಾರ ಸುತ್ತಿಕೊಂಡೆ. ಚಮಚ ನೀರು ತೊಟ್ಟಿಕ್ಕಿಸುತ್ತ ನಮ್ಮ ಕಾಲ ಬಳಿ ಬಂತು. ಕಾಕು ಅದನ್ನು ಮುಟ್ಟಿ ನೋಡಿದರು.

"ಇನ್ನೊಮ್ಮೆ ಒಗಿ" ಎಂದರು.